ಜುಲೈನಲ್ಲಿ ನೋಡಿದ ಮನೆಯನ್ನು ಜನವರಿಯಲ್ಲಿ ಇನ್ನೊಮ್ಮೆ ನೋಡಿ

ಪ್ರಶ್ನೆ: ನಾವು ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿದ್ದೇವೆ. ಯಜಮಾನರು ಆಸ್ಪತ್ರೆಯಲ್ಲಿ ಡಾಕ್ಟರ್. ನಾನು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಮಗಳಿಗೆ ನಾಲ್ಕು ವರ್ಷ. ತೀರ್ಥಹಳ್ಳಿಯಿಂದ ಅತ್ತೆ ಆಗಾಗ ಬಂದು ಕೆಲವು ತಿಂಗಳು ಇರುತ್ತಾರೆ. ಜುಲೈನಲ್ಲಿ ಏಲಿತ್ ಊರಿನ ಹತ್ತಿರ, ಹೊಲದ ಪಕ್ಕದಲ್ಲಿ, ಹಳೇ ಕಲ್ಲಿನ ಮನೆಯೊಂದನ್ನು ನೋಡಿದೆವು. ಬೆಲೆ 3 ಲಕ್ಷ ಪೌಂಡಿನ ಆಸುಪಾಸು. ತುಂಬಾ ಇಷ್ಟವಾಯಿತು. ಆದರೆ ಆ ಕಡೆ ನಮ್ಮವರು ಯಾರೂ ಇಲ್ಲ. ಇದು ಹುಚ್ಚುತನವಾ? ಕೊಳ್ಳುವ ಮುಂಚೆ ಏನೇನು ನೋಡಬೇಕು? ಊರಿನವರು ನಮ್ಮನ್ನು ಸೇರಿಸಿಕೊಳ್ಳುತ್ತಾರಾ?

ಉತ್ತರ: ಹುಚ್ಚುತನ ಖಂಡಿತ ಅಲ್ಲ. ಆದರೆ ನೀವು ನೋಡಿದ್ದು ಜುಲೈನಲ್ಲಿ. ಆ ತಿಂಗಳಲ್ಲಿ ಏಲಿತ್ ಇರುವ ಸ್ಟ್ರಾತ್‌ಮೋರ್ ಕಣಿವೆ ಯಾರಿಗೆ ತಾನೇ ಇಷ್ಟವಾಗಲ್ಲ? ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಬಾರ್ಲಿ ಹೊಲ ಬಣ್ಣಕ್ಕೆ ತಿರುಗುತ್ತಿರುತ್ತದೆ, ರಸ್ತೆ ಬದಿಯಲ್ಲಿ ರಾಸ್‌ಬೆರಿ ಸಿಗುತ್ತದೆ. ಹಳ್ಳಿ ಕಡೆಯ ಮನೆಗಳನ್ನು ತಪಾಸಣೆ ಮಾಡಿ ವರದಿ ಬರೆಯುವುದು ನನ್ನ ಕೆಲಸ. ನಾನು ಕಂಡಂತೆ, ಇಲ್ಲಿ ಮನೆ ಕೊಂಡು ಒದ್ದಾಡುವವರು ನೋಟಕ್ಕೆ ಮರುಳಾಗಿ ಕೊಂಡವರು. ನೆಮ್ಮದಿಯಾಗಿರುವವರು ಪೈಪು, ಇಂಧನ, ದಾರಿ ಈ ಮೂರನ್ನು ಮೊದಲೇ ವಿಚಾರಿಸಿದವರು. ಜನರ ವಿಷಯ ಆಮೇಲೆ ಹೇಳುತ್ತೇನೆ. ನೀವು ಅದಕ್ಕೇ ಜಾಸ್ತಿ ಹೆದರಿದ್ದೀರಿ, ನನಗೆ ಅದರ ಚಿಂತೆ ಕಡಿಮೆ.

ಮೊದಲು ದೂರ. ಸ್ಕಾಟ್ಲೆಂಡ್ ಸರ್ಕಾರದ ಲೆಕ್ಕದಲ್ಲಿ 3,000ಕ್ಕಿಂತ ಕಡಿಮೆ ಜನರಿರುವ ಊರು ಗ್ರಾಮೀಣ. ಅಲ್ಲಿಂದ 10,000 ಜನರಿರುವ ಪಟ್ಟಣಕ್ಕೆ ಕಾರಿನಲ್ಲಿ ಅರ್ಧ ಗಂಟೆಯೊಳಗೆ ಹೋಗಬಹುದಾದರೆ ಅದು ಹತ್ತಿರದ ಹಳ್ಳಿ, ಇಲ್ಲದಿದ್ದರೆ ದೂರದ ಹಳ್ಳಿ. ನೀವು ನೋಡಿದ ಮನೆ ಈ ಗೆರೆಯ ಆಸುಪಾಸಿನಲ್ಲೇ ಇದೆ. ಈ ಅರ್ಧ ಗಂಟೆ ಸುಮ್ನೆ ಹಾಕಿದ ಗೆರೆಯಲ್ಲ. ನಿಮ್ಮ ಯಜಮಾನರಿಗೆ ಆನ್‌ಕಾಲ್ ಇದ್ದಾಗ ಇಷ್ಟು ನಿಮಿಷದಲ್ಲಿ ಆಸ್ಪತ್ರೆ ತಲುಪಬೇಕು ಎಂಬ ಷರತ್ತು ಇದೆಯಾ, ಇವತ್ತೇ ಕೇಳಿ. ಇದ್ದರೆ ಉಳಿದ ಮಾತೆಲ್ಲ ಆಮೇಲೆ. ಏಲಿತ್‌ನಿಂದ ಡಂಡೀಗೆ ನಕ್ಷೆಯಲ್ಲಿ ಹದಿನೇಳು ಮೈಲಿಯಷ್ಟೇ. ಆದರೆ ಮಧ್ಯೆ ಸಿಡ್ಲಾ ಬೆಟ್ಟಸಾಲು ದಾಟಬೇಕು. ಜನವರಿಯ ಬೆಳಿಗ್ಗೆ ಏಳಕ್ಕೆ, ಕತ್ತಲಲ್ಲಿ, ರಸ್ತೆ ಮೇಲೆ ಐಸ್ ಕಟ್ಟಿರುವಾಗ, ಟ್ರ್ಯಾಕ್ಟರಿನ ಹಿಂದೆ ಹೋಗುವ ಹದಿನೇಳು ಮೈಲಿ ಬೇರೆ. ಕೌನ್ಸಿಲ್‌ನವರು, ಅಂದರೆ ಸ್ಥಳೀಯ ಆಡಳಿತದವರು, ಉಪ್ಪು ಹಾಕುವುದು ಮೊದಲು ಮುಖ್ಯ ರಸ್ತೆಗಳಿಗೆ. ನಿಮ್ಮ ಗಲ್ಲಿಯ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾದರೂ ಆಯಿತು.

ನೀವು ಕಾರು ಓಡಿಸುತ್ತೀರಾ? ಪತ್ರದಲ್ಲಿ ಬರೆದಿಲ್ಲ. ಈ ಕಣಿವೆಯಲ್ಲಿ ರೈಲು ಇಲ್ಲ. ಪಕ್ಕದ ಪಟ್ಟಣ ಬ್ಲೇರ್‌ಗೌರಿಗೆ ಪ್ರಯಾಣಿಕರ ರೈಲು ನಿಂತಿದ್ದು 1955ರಲ್ಲಿ, ಕಣಿವೆಯ ಉದ್ದಕ್ಕೂ ಇದ್ದ ದೊಡ್ಡ ಮಾರ್ಗ 1967ರಲ್ಲಿ ಮುಚ್ಚಿತು. ಬಸ್ ಇದೆ, 22 ವರ್ಷದೊಳಗಿನವರಿಗೂ 60 ದಾಟಿದ ನಿವಾಸಿಗಳಿಗೂ ಉಚಿತ. ಆದರೆ ಅದು ಓಡುವುದು ಊರಿಂದ ಊರಿಗೆ, ನಿಮ್ಮ ಹೊಲದ ಗೇಟಿಗೆ ಬರಲ್ಲ. ಯಜಮಾನರು ಕಾರು ತೆಗೆದುಕೊಂಡು ಹೋದ ಮೇಲೆ ನೀವು, ಮಗು, ಅತ್ತೆ ಮನೆಯಲ್ಲೇ ಕೂರಬೇಕಾಗುತ್ತದೆ. ಹಾಗಾಗಿ ಎರಡು ಕಾರಿನ ಖರ್ಚು ಲೆಕ್ಕ ಹಾಕಿ. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಇಲ್ಲಿನ ಪರೀಕ್ಷೆ ಪಾಸು ಮಾಡಲೇಬೇಕು. ಮನೆ ಹುಡುಕುವ ಮೊದಲು ಟೆಸ್ಟ್ ದಿನಾಂಕ ಹುಡುಕಿ.

ಈಗ ಮನೆಯ ವಿಷಯ. ಸ್ಟ್ರಾತ್‌ಮೋರಿನ ಹಳೇ ಮನೆಗಳು ಕೆಂಪು ಮರಳುಗಲ್ಲಿನವು. ಎರಡು ಅಡಿ ದಪ್ಪದ ಗೋಡೆ, ಮೇಲೆ ಸ್ಲೇಟ್ ಕಲ್ಲಿನ ಹೆಂಚು. ಇವನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಸುಣ್ಣಕ್ಕೆ ಉಸಿರಾಡುವ ಗುಣವಿದೆ: ಗೋಡೆ ಹೀರಿದ ನೀರು ಕಲ್ಲಿನ ಸಂದಿಗಳ ಮೂಲಕ ಹೊರಗೆ ಹೋಗಿ ಆರುತ್ತದೆ. ಕಳೆದ ಶತಮಾನದಲ್ಲಿ ಜನ ರಿಪೇರಿ ಅಂತ ಅದೇ ಸಂದಿಗಳಿಗೆ ಸಿಮೆಂಟ್ ಮೆತ್ತಿದರು. ಒದ್ದೆ ಬಟ್ಟೆ ಮೇಲೆ ರೇನ್‌ಕೋಟ್ ಹಾಕಿಕೊಂಡಂತಾಯಿತು. ನೀರು ಒಳಗೇ ಉಳಿಯಿತು. ಚಳಿಯಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿದಾಗ ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ಇನ್ನೊಮ್ಮೆ ಹೋದಾಗ ಗೋಡೆ ಹತ್ತಿರ ನಿಂತು ನೋಡಿ. ಸಂದಿಯ ಗಾರೆ ಬೂದು ಬಣ್ಣದ್ದಾಗಿ, ಗಟ್ಟಿಯಾಗಿ, ಕಲ್ಲಿಗಿಂತ ಮುಂದೆ ಚಾಚಿದ್ದರೆ ಅದು ಸಿಮೆಂಟ್. ಕಲ್ಲು ಅದಕ್ಕಿಂತ ಹಿಂದೆ ಸರಿದಿದ್ದರೆ ಕೆಲಸ ಕೆಟ್ಟಿದೆ ಅಂತಲೇ. ಸರಿಪಡಿಸಬಹುದು, ಆದರೆ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆ, ಕೂಲಿ ಜಾಸ್ತಿ.

ಛಾವಣಿಗೂ ಅಷ್ಟೇ ಗಮನ ಕೊಡಿ. ಸ್ಕಾಟ್ಲೆಂಡಿನ ಸ್ಲೇಟ್ ನೂರು ವರ್ಷ ದಾಟಿದರೂ ಗಟ್ಟಿಮುಟ್ಟಾಗಿರುತ್ತದೆ. ಸವೆಯುವುದು ಅದನ್ನು ಹಿಡಿದಿರುವ ಮೊಳೆ. ಮೊಳೆ ತುಕ್ಕು ಹಿಡಿದರೆ ಒಂದೊಂದು ಗಾಳಿಗೂ ನಾಲ್ಕು ಹೆಂಚು ಜಾರುತ್ತವೆ. ಬ್ಯಾಲಹೂಲಿಷ್‌ನ ಹೆಸರಾಂತ ಗಣಿ 1955ರಲ್ಲೇ ಮುಚ್ಚಿತು. ಹಾಗಾಗಿ ಬದಲಿಗೆ ಸಿಗುವುದು ಹಳೇ ಮನೆ ಬಿಚ್ಚಿದ ಸ್ಲೇಟ್, ಅದೂ ದುಬಾರಿ. ಮಳೆನೀರಿನ ದೋಣಿ ಎಲ್ಲಾದರೂ ಸೋರುತ್ತಿದ್ದರೆ ಅದರ ಕೆಳಗೆ ಗೋಡೆ ಹಸಿರಾಗಿರುತ್ತದೆ. ಬಿಸಿಲಿನ ದಿನ ಇದೆಲ್ಲ ಕಾಣಲ್ಲ. ಜೋರು ಮಳೆ ಬರುವ ದಿನವೇ ಮನೆ ನೋಡಲು ಹೋಗಿ.

ಅದೃಷ್ಟವಶಾತ್ ಇಲ್ಲಿ ಅರ್ಧ ಕೆಲಸ ನಿಮಗೆ ಸಿದ್ಧವಾಗಿ ಸಿಗುತ್ತದೆ. 2008ರ ಡಿಸೆಂಬರಿನಿಂದ ಮಾರುವವರೇ ಹೋಮ್ ರಿಪೋರ್ಟ್ ಮಾಡಿಸಿ ಕೊಡಬೇಕು. ಅದರಲ್ಲಿ ಮೂರು ಭಾಗ: ಸರ್ವೆ, ಇಂಧನ ವರದಿ, ಮಾಲೀಕರು ತುಂಬಿದ ಪ್ರಶ್ನಾವಳಿ. ಸರ್ವೆಯಲ್ಲಿ ಮನೆಯ ಪ್ರತಿ ಭಾಗಕ್ಕೂ 1, 2, 3 ಅಂತ ಅಂಕಿ ಇರುತ್ತದೆ. 3 ಅಂದರೆ ತಡ ಮಾಡದೆ ರಿಪೇರಿ ಮಾಡಿಸಬೇಕು. ಎಲ್ಲರೂ ಅದನ್ನಷ್ಟೇ ನೋಡುತ್ತಾರೆ. ನಾನಾದರೆ ಪ್ರಶ್ನಾವಳಿಯನ್ನು ಮೊದಲು ಓದುತ್ತೇನೆ. ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ದಾರಿ ಯಾರದ್ದು, ಪ್ರವಾಹ ಬಂದಿತ್ತಾ, ಇವೆಲ್ಲ ಇರುವುದು ಅಲ್ಲಿ.

ನಗರದ ಮನೆಯಲ್ಲಿ ಇವು ಪ್ರಶ್ನೆಗಳೇ ಅಲ್ಲ. ಹಳ್ಳಿಯಲ್ಲಿ ಜಗಳ ಹುಟ್ಟುವುದೇ ಇಲ್ಲಿ. ಹೊಲದ ಪಕ್ಕದ ಮನೆಗೆ ಬಹುಶಃ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಅದು ಪರಿಸರ ಸಂಸ್ಥೆಯಾದ ಸೆಪಾದಲ್ಲಿ ನೋಂದಣಿಯಾಗಿರಬೇಕು. ಟ್ಯಾಂಕ್ ನಿಮ್ಮ ಜಾಗದಲ್ಲಿದೆಯಾ, ಪಕ್ಕದವರ ಹೊಲದಲ್ಲಿದೆಯಾ, ಎಷ್ಟು ಮನೆಗೆ ಸೇರಿದ್ದು, ಖಾಲಿ ಮಾಡಿಸುವ ಖರ್ಚು ಹೇಗೆ ಹಂಚುತ್ತಾರೆ, ಎಲ್ಲ ಕೇಳಿ. ಮತ್ತೆ ನಮ್ಮ ಅಡುಗೆಯವರಿಗೆ ಒಂದು ಮಾತು: ಬೋಂಡ ಕರಿದ ಎಣ್ಣೆ ಸಿಂಕಿಗೆ ಸುರಿದರೆ ಟ್ಯಾಂಕ್ ಸತ್ತೇ ಹೋಗುತ್ತದೆ. ಬ್ಲೀಚ್ ಕೂಡ ಹಾಗೇ, ಕೊಳೆಸುವ ಬ್ಯಾಕ್ಟೀರಿಯಾ ಉಳಿಯಲ್ಲ. ನೀರು ಖಾಸಗಿ ಬಾವಿ ಅಥವಾ ಒರತೆಯಿಂದ ಬರುತ್ತಿದ್ದರೆ ಕೌನ್ಸಿಲ್ ಮಾಡಿದ ಪರೀಕ್ಷೆಯ ವರದಿ ನೋಡಿ, ನೀರಿನ ರೋಗಾಣು ಕೊಲ್ಲುವ ಯು.ವಿ. ಫಿಲ್ಟರ್ ಇದೆಯಾ ನೋಡಿ, ಒಣ ಬೇಸಿಗೆಯಲ್ಲಿ ಬತ್ತಿತ್ತಾ ಅಂತ ಪಕ್ಕದ ಮನೆಯವರನ್ನು ಕೇಳಿ. ಮನೆ ಮಾರುವವರಿಗಿಂತ ಅವರು ನಿಜ ಹೇಳುತ್ತಾರೆ. ಗೇಟಿನಿಂದ ಡಾಂಬರು ರಸ್ತೆಯವರೆಗಿನ ಮಣ್ಣಿನ ದಾರಿ ರೈತನದ್ದಾಗಿದ್ದರೆ, ನಿಮಗೆ ಓಡಾಡುವ ಹಕ್ಕು ಪತ್ರದಲ್ಲಿದೆಯಾ, ಗುಂಡಿ ಮುಚ್ಚುವ ಖರ್ಚು ಯಾರದ್ದು, ವಕೀಲರು ಹುಡುಕಿ ಹೇಳಲಿ.

ಪ್ರವಾಹದ ಮಾತು ಬಂದಿದ್ದಕ್ಕೆ: 2015ರ ಜುಲೈನಲ್ಲಿ ಏಲಿತ್ ಊರೊಳಗಿನ ಹಳ್ಳ ಉಕ್ಕಿ ಕಾಲುಸೇತುವೆಗಳನ್ನೇ ಕೊಚ್ಚಿಕೊಂಡು ಹೋಯಿತು. ಅಷ್ಟು ಚಿಕ್ಕ ಹಳ್ಳ ಅಂತ ನೋಡಿದರೆ ನಂಬಲ್ಲ. ಸೆಪಾದ ಪ್ರವಾಹ ನಕ್ಷೆ ಉಚಿತ, ವಿಳಾಸ ಹಾಕಿ ನೋಡಿ.

ಇಂಧನಕ್ಕೆ ಬರೋಣ. ಪಟ್ಟಣದಿಂದ ಸ್ವಲ್ಪ ಆಚೆ ಹೋದರೆ ಗ್ಯಾಸ್ ಪೈಪ್ ಸಿಗಲ್ಲ. ಹೆಚ್ಚಿನವರು ಹೀಟಿಂಗ್ ಆಯಿಲ್ ಅಂದರೆ ಸೀಮೆಎಣ್ಣೆ ಉರಿಸುತ್ತಾರೆ. ಹಿತ್ತಲಲ್ಲಿ ಸಾವಿರ ಲೀಟರಿನಷ್ಟು ಹಿಡಿಯುವ ಟ್ಯಾಂಕ್ ಇರುತ್ತದೆ. ಸಾಮಾನ್ಯವಾಗಿ 500 ಲೀಟರಿಗಿಂತ ಕಡಿಮೆ ತಂದು ಕೊಡಲ್ಲ, ಬೆಲೆಗೆ ನಿಯಂತ್ರಣ ಇಲ್ಲ. ಬೇಸಿಗೆಯಲ್ಲೇ ತುಂಬಿಸಿಕೊಳ್ಳಿ. ಅಕ್ಕಪಕ್ಕದವರು ಸೇರಿ ಒಟ್ಟಿಗೆ ತರಿಸಿದರೆ ಬೆಲೆ ಇಳಿಯುತ್ತದೆ, ಎಷ್ಟೋ ಹಳ್ಳಿಗಳಲ್ಲಿ ಅಂಥ ಗುಂಪು ಇದೆ. ಪಕ್ಕದವರ ಪರಿಚಯಕ್ಕೆ ಇದಕ್ಕಿಂತ ಒಳ್ಳೇ ನೆಪ ಸಿಗಲ್ಲ. ಹೊರಗಿನ ಶಾಖ ಹೀರಿ ಮನೆ ಬಿಸಿ ಮಾಡುವ ಹೀಟ್ ಪಂಪ್ ಹಾಕಿಸಲು ಸರ್ಕಾರದ ಸಹಾಯಧನ 7,500 ಪೌಂಡ್‌ವರೆಗೆ ಇದೆ, ಹಳ್ಳಿ ಮನೆಗಾದರೆ ಇನ್ನೂ 1,500. ಆದರೆ ಗಾಳಿ ನುಗ್ಗುವ ಕಲ್ಲಿನ ಮನೆಗೆ ಪಂಪ್ ಹಾಕಿ ಪ್ರಯೋಜನ ಇಲ್ಲ. ಮೊದಲು ಅಟ್ಟಕ್ಕೆ ಇನ್ಸುಲೇಶನ್, ಕಿಟಕಿ ರಿಪೇರಿ. ಪಂಪ್ ಆಮೇಲೆ.

ಕರೆಂಟ್ ಹೋಗುತ್ತದೆ. 2021ರ ನವೆಂಬರ್ 26ರಂದು ಬೀಸಿದ ಆರ್ವೆನ್ ಬಿರುಗಾಳಿಯಲ್ಲಿ ಈಶಾನ್ಯ ಸ್ಕಾಟ್ಲೆಂಡಿನ ಕೆಲವು ಮನೆಗಳಿಗೆ ಒಂದು ವಾರ ಕರೆಂಟ್ ಇರಲಿಲ್ಲ. ಎಣ್ಣೆ ಬಾಯ್ಲರ್‌ಗೂ ಕರೆಂಟ್ ಬೇಕು ಅನ್ನುವುದು ಆಗ ಎಷ್ಟೋ ಜನರಿಗೆ ನೆನಪಾಯಿತು. ಆದ್ದರಿಂದ ಕಟ್ಟಿಗೆ ಒಲೆ ಇರುವ ಮನೆಗೆ ನಾನು ಒಂದು ಅಂಕ ಜಾಸ್ತಿ ಕೊಡುತ್ತೇನೆ. ಲ್ಯಾಂಡ್‌ಲೈನುಗಳೂ ಇಂಟರ್ನೆಟ್ ಮೇಲೆ ನಡೆಯುವಂತೆ ಬದಲಾಗುತ್ತಿವೆ, ಕರೆಂಟ್ ಹೋದರೆ ಫೋನೂ ಹೋಗುತ್ತದೆ. 105ಕ್ಕೆ ಮೊಬೈಲಿನಿಂದ ಕರೆ ಮಾಡಿ ದೂರು ಕೊಡಬಹುದು, ಸಿಗ್ನಲ್ ಇದ್ದರೆ. ಅಡುಗೆಮನೆಯಲ್ಲಿ ನಿಂತು ನಿಮ್ಮ ಫೋನ್ ತೆಗೆದು ನೋಡಿ. ನಿಮ್ಮ ಸಂಬಳ ಬರುವುದೇ ಇಂಟರ್ನೆಟ್ ಮೇಲೆ, ಹಾಗಾಗಿ ಆ ವಿಳಾಸಕ್ಕೆ ನಿಜವಾಗಿ ಎಷ್ಟು ವೇಗ ಬರುತ್ತಿದೆ ಅಂತ ಮಾಲೀಕರ ಕೈಲೇ ಪರೀಕ್ಷೆ ಮಾಡಿಸಿ. ಕಾನೂನಿನ ಪ್ರಕಾರ ಕೇಳಿ ಪಡೆಯಬಹುದಾದ ಕನಿಷ್ಠ ವೇಗ 10 ಎಂಬಿಪಿಎಸ್ ಅಷ್ಟೇ. ನಿಮ್ಮ ಕೆಲಸಕ್ಕೆ ಅದು ಸಾಲಲ್ಲ.

ಇನ್ನು ದುಡ್ಡು. ಇಲ್ಲಿ ನಮ್ಮವರು ಎಡವುವ ಜಾಗ ಎರಡಿವೆ. ಮೊದಲನೆಯದು ಗೊತ್ತಿರಬಹುದು: ಬೆಲೆಯ ಜೊತೆ 'ಆಫರ್ಸ್ ಓವರ್' ಅಂತ ಇದ್ದರೆ ಅದರ ಮೇಲೆ ಎಷ್ಟು ಕೊಡುತ್ತೀರಿ ಅಂತ ವಕೀಲರ ಮೂಲಕ ಬರೆದು ಕೊಡಬೇಕು. ಬ್ಯಾಂಕ್ ಸಾಲ ಕೊಡುವುದು ಹೋಮ್ ರಿಪೋರ್ಟಿನ ಮೌಲ್ಯದ ಮೇಲೆ. ಅದಕ್ಕಿಂತ ಮೇಲೆ ಕೊಟ್ಟ ಪ್ರತಿ ಪೌಂಡೂ ನಿಮ್ಮ ಜೇಬಿನಿಂದ. ಎರಡನೆಯದು ಹೆಚ್ಚಿನವರಿಗೆ ಗೊತ್ತಿರಲ್ಲ. 3 ಲಕ್ಷ ಪೌಂಡ್ ಮನೆಗೆ ಮಾಮೂಲಿ ಖರೀದಿ ತೆರಿಗೆ 4,600 ಪೌಂಡ್. ಆದರೆ ನಿಮ್ಮಿಬ್ಬರಲ್ಲಿ ಯಾರ ಹೆಸರಿನಲ್ಲಾದರೂ ಬೇರೆ ವಾಸದ ಮನೆ ಇದ್ದರೆ, ಅದು ಶಿವಮೊಗ್ಗದಲ್ಲಿರಲಿ ಬೆಂಗಳೂರಿನಲ್ಲಿರಲಿ, ಅದರ ಬೆಲೆ 40,000 ಪೌಂಡ್ ಮುಟ್ಟಿದರೆ, ಹೆಚ್ಚುವರಿ ಮನೆ ತೆರಿಗೆ ಬೀಳುತ್ತದೆ. 2024ರ ಡಿಸೆಂಬರಿನಿಂದ ಅದು ಪೂರ್ತಿ ಬೆಲೆಯ ಮೇಲೆ ಶೇ 8. ನಿಮ್ಮ ಲೆಕ್ಕದಲ್ಲಿ 24,000 ಪೌಂಡ್! ಬಾಡಿಗೆ ಮನೆಯಲ್ಲಿರುವವರಿಗೆ 'ಹಳೇ ಮನೆ ಮಾರಿ ಹೊಸದು ಕೊಂಡೆ' ಅನ್ನುವ ವಿನಾಯಿತಿಯೂ ಸಿಗುವುದು ಕಷ್ಟ. ಖಾಲಿ ಸೈಟ್ ಲೆಕ್ಕಕ್ಕೆ ಬರಲ್ಲ. ತಂದೆಯ ಮನೆಯಲ್ಲಿ ಪಾಲು ಇದ್ದರೆ ಅದರ ಬೆಲೆ ಮುಖ್ಯವಾಗುತ್ತದೆ. ವಕೀಲರು ತಾವಾಗಿ ಊರಿನ ಆಸ್ತಿ ಕೇಳದಿದ್ದರೂ ನೀವೇ ಹೇಳಿಬಿಡಿ.

ಅದಕ್ಕೇ ನನ್ನ ಸಲಹೆ: ಒಂದು ಚಳಿಗಾಲ ಆ ಕಡೆ ಬಾಡಿಗೆಗೆ ಇದ್ದು ನೋಡಿ. 2017ರ ಡಿಸೆಂಬರಿನಿಂದ ಇಲ್ಲಿನ ಬಾಡಿಗೆ ಕರಾರಿಗೆ ಅವಧಿ ಇಲ್ಲ. ಬಿಡಬೇಕೆಂದರೆ 28 ದಿನದ ನೋಟಿಸ್ ಸಾಕು. ಮನೆ ಸಿಗುವುದೇ ಕಷ್ಟ. ದೊಡ್ಡ ಜಮೀನುದಾರಿ ಎಸ್ಟೇಟುಗಳ ಕೈಯಲ್ಲಿ ಎಷ್ಟೋ ಮನೆಗಳಿವೆ, ಅವು ದೊಡ್ಡ ವೆಬ್‌ಸೈಟುಗಳಿಗೆ ಬರದೆಯೂ ಹೋಗುತ್ತವೆ. ಊರಿನ ಅಂಗಡಿಯ ನೋಟಿಸ್ ಬೋರ್ಡ್ ನೋಡಿ, ಎಸ್ಟೇಟ್ ಆಫೀಸಿಗೇ ಫೋನ್ ಮಾಡಿ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಎಂಟೂ ಮುಕ್ಕಾಲಿಗೆ, ಮುಳುಗುವುದು ಮೂರೂವರೆ ದಾಟುತ್ತಿದ್ದಂತೆ. ಬೀದಿದೀಪ ಇಲ್ಲದ ಕಡೆ ಆ ಕತ್ತಲು ನಿಮ್ಮ ಮೈಗೆ ಹೇಗೆ ಹಿಡಿಸುತ್ತದೆ ಅಂತ ಯಾರೂ ಹೇಳಲಾರರು. ವಿಟಮಿನ್ ಡಿ 10 ಮೈಕ್ರೋಗ್ರಾಂ ಮಾತ್ರೆ ಎಲ್ಲರಿಗೂ ಚಳಿಗಾಲಕ್ಕೆ ಹೇಳುತ್ತಾರೆ, ನಮ್ಮ ಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೇದು. ಇದನ್ನು ನಿಮ್ಮ ಯಜಮಾನರು ಆಗಲೇ ಹೇಳಿರಬೇಕು.

ಮಗಳಿಗೆ ಹಳ್ಳಿ ಒಳ್ಳೇದೇ. ಈಗ ವರ್ಷಕ್ಕೆ 1,140 ಗಂಟೆ ನರ್ಸರಿ ಉಚಿತ. ಚಿಕ್ಕ ಶಾಲೆಗಳಲ್ಲಿ ಎರಡು ಮೂರು ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ. ನಮ್ಮ ಮಲೆನಾಡಿನ ಶಾಲೆಗಳಲ್ಲಿ ಓದಿದವರಿಗೆ ಇದು ಹೊಸದಲ್ಲ, ಬೆಂಗಳೂರಿನವರಿಗೆ ಗಾಬರಿ. ಕಲಿಕೆಗೆ ಅದರಿಂದ ತೊಂದರೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ತೊಂದರೆ ಬೇರೆ: ಮಕ್ಕಳ ಸಂಖ್ಯೆ ತೀರಾ ಇಳಿದರೆ ಕೌನ್ಸಿಲ್ ಶಾಲೆಗೆ ಬೀಗ ಹಾಕುತ್ತದೆ. ಈಗ ಎಷ್ಟು ಮಕ್ಕಳಿದ್ದಾರೆ ಕೇಳಿ. ಎಂಟು ವರ್ಷದೊಳಗಿನ ಮಗುವಿಗೆ ಶಾಲೆ ಎರಡು ಮೈಲಿಗಿಂತ ದೂರ ಇದ್ದರೆ ವಾಹನ ಕೌನ್ಸಿಲ್‌ನದೇ.

ಈಗ ಜನ. ಈ ಕಣಿವೆ ಹೊರಗಿನವರನ್ನೇ ನೋಡದ ಜಾಗ ಅಂತ ಅಂದುಕೊಳ್ಳಬೇಡಿ. ಬ್ಲೇರ್‌ಗೌರಿಯ ಬೆರಿ ತೋಟಗಳಿಗೆ ಕೊಯ್ಲಿಗೆ ಜನ ಬರುವುದು ಹಳೇ ಸಂಪ್ರದಾಯ. 1950ರ ದಶಕದಲ್ಲಿ ಜಾನಪದ ಸಂಗ್ರಾಹಕ ಹ್ಯಾಮಿಶ್ ಹೆಂಡರ್ಸನ್ ಟೇಪ್ ರೆಕಾರ್ಡರ್ ಹಿಡಿದು ಬಂದು, ಈ ತೋಟಗಳಲ್ಲಿ ಕೂಲಿಗೆ ಬಂದಿದ್ದ ಅಲೆಮಾರಿ ಕುಟುಂಬಗಳ ಹಾಡುಗಳನ್ನು ದಾಖಲಿಸಿದ. ಆಮೇಲೆ ಪೂರ್ವ ಯುರೋಪಿನವರು ಬಂದರು, ಈಗ ಮಧ್ಯ ಏಷ್ಯಾದವರೂ ಬರುತ್ತಾರೆ. ನಮ್ಮ ಕಡೆಗೂ ಈ ಪರ್ತ್‌ಶೈರಿಗೂ ಹಳೇ ನಂಟಿದೆ. 1800ರಲ್ಲಿ ಮೈಸೂರು, ಕೆನರಾ ಸುತ್ತಿ ನಮ್ಮ ರಾಗಿ, ಅಡಿಕೆ, ಕೆರೆ ಎಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಆಗ ಇದೇ ಜಿಲ್ಲೆಗೆ ಸೇರಿದ್ದ ಕ್ಯಾಲಂಡರ್ ಕಡೆಯವನು, ತೀರಿಕೊಂಡಿದ್ದೂ ಅಲ್ಲೇ.

ಇಲ್ಲಿನವರು ಎದುರು ಸಿಕ್ಕರೆ ಹವೆಯ ಬಗ್ಗೆ ಮಾತಾಡುತ್ತಾರೆ, ಹಿಮ ಬಿದ್ದರೆ ಕೇಳದೆಯೇ ಟ್ರ್ಯಾಕ್ಟರ್ ತಂದು ದಾರಿ ಬಿಡಿಸುತ್ತಾರೆ, ಆದರೆ ಮನೆಗೆ ಊಟಕ್ಕೆ ಕರೆಯಲು ವರ್ಷ ಹಿಡಿಯಬಹುದು. ಅದು ತಿರಸ್ಕಾರ ಅಲ್ಲ, ಅವರ ರೀತಿ. ಒಂದು ಗಾಡಿ ಮಾತ್ರ ಹೋಗುವ ರಸ್ತೆಗಳಲ್ಲಿ ದಾರಿ ಬಿಟ್ಟವರಿಗೆ ಕೈ ಎತ್ತಿ. ಎತ್ತದವರ ಸುದ್ದಿ ಬೇಗ ಹರಡುತ್ತದೆ! ಊರಿನ ಹಾಲ್‌ನಲ್ಲಿ ಕಾಫಿ ಬೆಳಗು, ಮಕ್ಕಳ ಗುಂಪು, ಬೇಸಿಗೆಯ ಕೃಷಿ ಮೇಳ, ಕವಿ ರಾಬರ್ಟ್ ಬರ್ನ್ಸ್ ನೆನಪಿಗೆ ಜನವರಿ 25ರ ಬರ್ನ್ಸ್ ಊಟ ಇವೆಲ್ಲ ನಡೆಯುತ್ತವೆ. ಒಂದಕ್ಕೆ ತಪ್ಪದೆ ಹೋಗಿ, ಕುರ್ಚಿ ಜೋಡಿಸಲು ಕೈ ಹಾಕಿ. ಯಾರಾದರೂ ಕೊಂಕು ಮಾತಾಡುವುದು ಇಲ್ಲವೇ ಇಲ್ಲ ಅಂತ ಹೇಳಲಾರೆ. ಆದರೆ ನಗರದ ಬಸ್ ಸ್ಟಾಪಿಗಿಂತ ಇಲ್ಲಿ ಜಾಸ್ತಿ ಅಂತಲೂ ನನಗೆ ಕಂಡಿಲ್ಲ.

ಶಾಂತಿ ಅಂದರೆ ಸದ್ದಿಲ್ಲದಿರುವುದು ಅಂದುಕೊಂಡಿದ್ದರೆ ಮಾತ್ರ ನಿರಾಸೆಯಾಗುತ್ತದೆ. ಆಗಸ್ಟಿನಲ್ಲಿ ಬಾರ್ಲಿ ಕಟಾವಿನ ಯಂತ್ರ ನಡುರಾತ್ರಿವರೆಗೂ ಓಡುತ್ತದೆ. ಹಕ್ಕಿ ಓಡಿಸುವ ಗ್ಯಾಸ್ ಕೋವಿ ಢಂ ಅನ್ನುತ್ತದೆ. ಸಗಣಿ ನೀರು ಹೊಲಕ್ಕೆ ಹರಡಿದ ವಾರ ಕಿಟಕಿ ತೆರೆಯಲಾಗಲ್ಲ. ಇದಕ್ಕೆಲ್ಲ ದೂರು ಕೊಟ್ಟು ಗೆದ್ದವರನ್ನು ನಾನು ನೋಡಿಲ್ಲ. 2003ರ ಭೂಸುಧಾರಣಾ ಕಾನೂನಿನ ಪ್ರಕಾರ ಯಾರು ಬೇಕಾದರೂ ಹೊಲದ ಅಂಚಿನಲ್ಲಿ, ಕಾಡಿನಲ್ಲಿ, ಬೆಟ್ಟದಲ್ಲಿ ನಡೆಯಬಹುದು. ನಿಮ್ಮ ಮನೆ ಅಂಗಳ ಮಾತ್ರ ನಿಮ್ಮದು. ಆ ಹಕ್ಕು ನಿಮಗೂ ಇದೆ, ಬಳಸಿ, ಗೇಟು ಹೇಗಿತ್ತೋ ಹಾಗೇ ಬಿಡಿ. ಮುಂದೆ ನಾಯಿ ಸಾಕಿದರೆ ಕುರಿಗಳ ಹತ್ತಿರ ಬಿಡಲೇಬೇಡಿ. 2021ರಿಂದ ಅದಕ್ಕೆ ದಂಡ 40,000 ಪೌಂಡ್‌ವರೆಗೆ.

ನಿಮ್ಮ ಅತ್ತೆಯ ಬಗ್ಗೆ ನೀವು ಚಿಂತೆಯಲ್ಲಿದ್ದೀರಿ ಅನ್ನಿಸಿತು. ತೀರ್ಥಹಳ್ಳಿಯ ಒಂಟಿ ಮನೆಯಿಂದ ಬಂದವರಾದರೆ ಮೌನಕ್ಕೆ ಅವರು ನಿಮಗಿಂತ ಬೇಗ ಒಗ್ಗುತ್ತಾರೆ. ಆ ಕಡೆಯ ಮಳೆ ಕಂಡವರಿಗೆ ಇಲ್ಲಿನದು ಮಳೆಯೇ ಅಲ್ಲ. ಕತ್ತಲು, ಚಳಿ, ಕಾರಿಲ್ಲದೆ ಎಲ್ಲೂ ಹೋಗಲಾಗದಿರುವುದು, ಇವು ಅವರನ್ನು ಕಟ್ಟಿಹಾಕುತ್ತವೆ. ಆದ್ದರಿಂದ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಕರೆಸಿ, ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಮಾತ್ರ ಬೇಡ. ಇಡ್ಲಿ ಹಿಟ್ಟು ಹುಳಿ ಬರಲ್ಲ ಅಂತ ಅವರು ಗೊಣಗಿದರೆ, ಬಿಸಿನೀರಿನ ಸಿಲಿಂಡರ್ ಇರುವ ಬೀರುವಿನಲ್ಲಿ ಪಾತ್ರೆ ಇಡಲು ಹೇಳಿ. ಕರಿಬೇವು, ತೆಂಗಿನ ತುರಿ ಡಂಡೀಯಿಂದ ಒಟ್ಟಿಗೆ ತಂದು ಫ್ರೀಜರಿಗೆ ಹಾಕಿಡಿ.

ಈ ವಾರವೇ ಮಾಡಬೇಕಾದ್ದು ಎರಡು. ಆನ್‌ಕಾಲ್ ಷರತ್ತು ಕೇಳುವುದು, ಮತ್ತು ಆ ಮನೆಯ ಹೋಮ್ ರಿಪೋರ್ಟ್ ಏಜೆಂಟರಿಂದ ತರಿಸಿಕೊಳ್ಳುವುದು. ಪ್ರಶ್ನಾವಳಿಯಲ್ಲಿ ಸೆಪ್ಟಿಕ್ ಟ್ಯಾಂಕ್ ಮತ್ತು ದಾರಿಯ ಬಗ್ಗೆ ಏನು ಬರೆದಿದ್ದಾರೆ ಅಂತ ನನಗೆ ಬರೆದು ಕಳಿಸಿ. ಆಮೇಲೆ ಬೆಲೆಯ ಮಾತಾಡೋಣ.